ಸೊನ್ನೆ ಬೇರೆ, ಖಾಲಿ ಬೇರೆ

“ಯಾವತ್ತಿಂದ ಜ್ವರ ಅಜ್ಜಿ?”

“ಸಂತೆ ದಿನದಿಂದ ಕಣವ್ವ. ಸಂತೆಯಿಂದ ಬಂದೋಳು ಮಲಗಿದ್ದೇ, ಎದ್ದಿಲ್ಲ.”

ತುಮಕೂರು ಜಿಲ್ಲೆಯ ಒಂದು ಹಳ್ಳಿಯ ಜಗಲಿ. ಕೇಳಿದವರು ಉಪಕೇಂದ್ರದ ಆರೋಗ್ಯ ಕಾರ್ಯಕರ್ತೆ. ಊರವರ ಬಾಯಲ್ಲಿ ಸಿಸ್ಟರ್. ಅಲ್ಲಿ ಸಂತೆ ಸೋಮವಾರ, ನಾವು ಹೋದದ್ದು ಗುರುವಾರ. ಸಿಸ್ಟರ್ ಬೆರಳು ಮಡಚಿ ಎಣಿಸಿ, ‘ಜ್ವರ ಶುರುವಾದ ದಿನ’ ಎಂಬಲ್ಲಿ ಸೋಮವಾರದ ತಾರೀಖು ಹಾಕಿಕೊಂಡರು. ಕೆಮ್ಮು ಇದೆಯಾ? ಇದೆ. ಉಸಿರು ಎಳೆದುಕೊಳ್ಳೋಕೆ ಕಷ್ಟವಾ? ಇಲ್ಲ. ಮನೆಯಲ್ಲಿ ಇನ್ಯಾರಿಗಾದರೂ? ಮೊಮ್ಮಗನಿಗೆ, ನಿನ್ನೆ ರಾತ್ರಿಯಿಂದ ಮೈ ಸುಡುತ್ತಿದೆ. ಅದನ್ನೂ ಬರೆದುಕೊಂಡರು.

ಪಕ್ಕದ ಮನೆಯಲ್ಲಿ ಯಾರಿಗೂ ಏನೂ ಇರಲಿಲ್ಲ. ಸಿಸ್ಟರ್ ಆ ಸಾಲಿನ ಪ್ರತಿ ಕಾಲಂನಲ್ಲೂ ಸೊನ್ನೆ ಬರೆದರು. ಅಡ್ಡಗೆರೆ ಎಳೆದು ಮುಗಿಸಲಿಲ್ಲ, ಒಂದೊಂದನ್ನೂ ದುಂಡಗೆ ಬರೆದರು. ಏನೂ ಇಲ್ಲದ ಮೇಲೆ ಬಿಟ್ಟುಬಿಡಬಹುದಲ್ಲ ಎಂದೆ.

“ಬಿಟ್ಟರೆ ನಾನು ಈ ಮನೆಗೆ ಬಂದೇ ಇಲ್ಲ ಅಂತಾಗುತ್ತೆ ಸರ್. ಬಂದೆ, ಕೇಳಿದೆ, ಯಾರಿಗೂ ಇಲ್ಲ ಅಂತ ಹೇಳಬೇಕಾದರೆ ಸೊನ್ನೆ ಬರೀಲೇಬೇಕು.”

ಸಾಂಕ್ರಾಮಿಕ ಜ್ವರಗಳ ಲೆಕ್ಕದ ಬಗ್ಗೆ ನಾನು ಎಷ್ಟೋ ವರದಿ ಓದಿದ್ದೇನೆ. ಇಷ್ಟು ನೇರವಾಗಿ ವಿಷಯ ಹೇಳಿದ್ದನ್ನು ಎಲ್ಲಿಯೂ ಕಾಣಲಿಲ್ಲ. ಸೊನ್ನೆ ಎಂದರೆ ಯಾರೋ ಹೋಗಿ ನೋಡಿದ್ದಾರೆ. ಖಾಲಿ ಎಂದರೆ ನೋಡಿದವರಿಲ್ಲ. ಫ್ಲೂ ಜಗತ್ತನ್ನೆಲ್ಲ ಆವರಿಸಿದ ಒಂದೊಂದು ಸಲವೂ ಈ ಎರಡನ್ನು ಬೆರೆಸಿ ಓದಿದ್ದರಿಂದ ಆದ ತಪ್ಪುಗಳು ಸಣ್ಣವಲ್ಲ.

ನಮ್ಮಲ್ಲಿ ಈ ಕೆಲಸಕ್ಕೆ ಇಡೀ ದೇಶಕ್ಕೆ ಒಂದೇ ಚೌಕಟ್ಟು ಅಂತ ಬಂದದ್ದು 2004ರ ನವೆಂಬರ್‌ನಲ್ಲಿ, ಸಮಗ್ರ ರೋಗ ಸರ್ವೇಕ್ಷಣಾ ಯೋಜನೆ ಶುರುವಾದಾಗ. ಅದರಲ್ಲಿ ಮೂರು ನಮೂನೆಗಳು. ಎಸ್ ಎಂದರೆ ಸಿಸ್ಟರ್ ಕಣ್ಣಿಗೆ ಕಂಡದ್ದು. ಪಿ ಎಂದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು ಪರೀಕ್ಷಿಸಿ ಇಂಥ ಕಾಯಿಲೆ ಇರಬಹುದು ಎಂದದ್ದು. ಎಲ್ ಎಂದರೆ ಪ್ರಯೋಗಾಲಯ ಖಚಿತಪಡಿಸಿದ್ದು. ಎಸ್ ನಮೂನೆಯಲ್ಲಿ ಯಾವ ವೈರಸ್ಸಿನ ಹೆಸರೂ ಇಲ್ಲ. ಏಳು ದಿನದೊಳಗಿನ ಜ್ವರ, ಏಳು ದಿನ ಮೀರಿದ ಜ್ವರ, ಮೂರು ವಾರದೊಳಗಿನ ಕೆಮ್ಮು, ಅದಕ್ಕೂ ಹಳೆಯ ಕೆಮ್ಮು, ಭೇದಿ, ಕಾಮಾಲೆ, ಹೀಗೆ ಹಳ್ಳಿಯವರು ತಾವೇ ಹೇಳಬಲ್ಲ ಲಕ್ಷಣಗಳು. ಸೋಮವಾರದಿಂದ ಭಾನುವಾರಕ್ಕೆ ಒಂದು ವಾರ. ಆ ವಾರದ ಹಾಳೆ ಆರೋಗ್ಯ ಕೇಂದ್ರಕ್ಕೆ, ಅಲ್ಲಿಂದ ಜಿಲ್ಲಾ ಸರ್ವೇಕ್ಷಣಾಧಿಕಾರಿಗೆ, ಅಲ್ಲಿಂದ ಬೆಂಗಳೂರಿಗೆ, ದಿಲ್ಲಿಗೆ ಹೋಗುತ್ತಿತ್ತು. 2018ರ ಕೊನೆಯಲ್ಲಿ ಇದನ್ನೆಲ್ಲ ಆನ್‌ಲೈನ್ ಮಾಡಲು ಮೊದಲು ಆಯ್ದುಕೊಂಡ ಏಳು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಈಗ ಸಿಸ್ಟರ್ ಕೈಯಲ್ಲಿ ಮೊಬೈಲ್ ಇದೆ. ಆದರೂ ಅವರು ಮೊದಲು ಬರೆಯುವುದು ನೋಟ್‌ಬುಕ್ಕಿನಲ್ಲಿ. ಸಿಗ್ನಲ್ ಸಿಗುವ ಕಡೆ ನಿಂತು ಆಮೇಲೆ ಮೊಬೈಲಿಗೆ ತುಂಬುತ್ತಾರೆ.

ಖಾಲಿ ಜಾಗ ಎಷ್ಟು ದೊಡ್ಡದಾಗಬಹುದು ಎಂದು ತಿಳಿಯಲು 1918ಕ್ಕೆ ಹೋಗಬೇಕು. ಆ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ಮುಂಬಯಿ ಬಂದರಿನ ಮೂಲಕ ಫ್ಲೂ ಒಳಗೆ ಬಂತು. ಮೊದಲ ಅಲೆ ಹೆಚ್ಚು ಜೀವ ತೆಗೆಯಲಿಲ್ಲ. ಸೆಪ್ಟೆಂಬರ್ ನಂತರದ ಎರಡನೆಯ ಅಲೆ ರೈಲುಹಳಿಗಳ ಜೊತೆಜೊತೆಗೇ ಒಳನಾಡಿಗೆ ನುಗ್ಗಿತು. ಆಗ ಸಾವಿನ ಲೆಕ್ಕ ಇಡುತ್ತಿದ್ದವರು ಹಳ್ಳಿಯ ಪಟೇಲರು, ಚೌಕಿದಾರರು, ಶಾನುಭೋಗರು. ಕಾಯಿಲೆ ಗುರುತಿಸುವ ತರಬೇತಿ ಅವರಲ್ಲಿ ಯಾರಿಗೂ ಇರಲಿಲ್ಲ. ಹಾವು ಕಚ್ಚಿದ್ದು, ಕಾಲರಾ, ಪ್ಲೇಗು, ಸಿಡುಬು ಎಲ್ಲರಿಗೂ ಗೊತ್ತಾಗುವಂಥವು. ಉಳಿದವೆಲ್ಲ ಹೆಚ್ಚಾಗಿ ‘ಜ್ವರ’ ಎಂಬ ಒಂದೇ ಖಾನೆಗೆ ಬೀಳುತ್ತಿದ್ದವು. ಸತ್ತವರ ಸಂಖ್ಯೆ ಏರಿದ ವಾರಗಳಲ್ಲೇ ಬರೆಯುವವರೂ ಹಾಸಿಗೆ ಹಿಡಿದರು, ಕೆಲವರು ಸತ್ತೇಹೋದರು. ಸಾವು ಅತಿ ಹೆಚ್ಚಿದ್ದ ಊರುಗಳಿಂದಲೇ ವರದಿ ನಿಂತುಹೋಯಿತು.

ಅಂದಿನ ಭಾರತ ಸರ್ಕಾರದ ಸ್ಯಾನಿಟರಿ ಕಮಿಷನರ್ ನಾರ್ಮನ್ ವೈಟ್ 1919ರಲ್ಲಿ ಕೊಟ್ಟ ಪ್ರಾಥಮಿಕ ವರದಿಯಲ್ಲಿ ಸತ್ತವರ ಅಂದಾಜು ಸುಮಾರು 60 ಲಕ್ಷ. 1921ರ ಜನಗಣತಿ ಬಂದಾಗ, ಇರಬೇಕಾಗಿದ್ದ ಜನ ಇಲ್ಲ ಎನ್ನುವುದು ಕಂಡಿತು. ಜನಗಣತಿಯ ಚರಿತ್ರೆಯಲ್ಲಿ ಭಾರತದ ಜನಸಂಖ್ಯೆ ಕುಗ್ಗಿದ ದಶಕ ಅದೊಂದೇ. ಅಂದಾಜು ಒಂದು ಕೋಟಿ ದಾಟಿತು. ಆಮೇಲೆ ಜನಸಂಖ್ಯಾ ತಜ್ಞರು ಮಾಡಿದ ಲೆಕ್ಕಗಳು ಬಹುಪಾಲು 1.2 ಕೋಟಿಯಿಂದ 1.8 ಕೋಟಿಯ ನಡುವೆ ನಿಲ್ಲುತ್ತವೆ. ಮೊದಲ ಅಂದಾಜಿಗೂ ಆಮೇಲಿನವಕ್ಕೂ ನಡುವೆ 60 ಲಕ್ಷದಿಂದ 1.2 ಕೋಟಿ ಜನರ ಅಂತರ! ಧಾರವಾಡ, ವಿಜಯಪುರದ ಕಡೆಯ ಹಳ್ಳಿಗಳವರೂ ಮೈಸೂರು ಸೀಮೆಯವರೂ ಆ ಅಂತರದೊಳಗೆ ಇದ್ದಾರೆ. ನಮ್ಮ ಮುತ್ತಜ್ಜಿಯರ ಕಾಲದ ಎಷ್ಟು ಮನೆಗಳು ಅದರಲ್ಲಿವೆಯೋ, ಹೆಸರು ಬರೆದವರಿಲ್ಲ.

ಆ ಜ್ವರಕ್ಕೆ ‘ಸ್ಪ್ಯಾನಿಷ್ ಫ್ಲೂ’ ಎಂಬ ಹೆಸರು ಅಂಟಿದ್ದು ಹೇಗೆ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಯುದ್ಧದಲ್ಲಿ ತೊಡಗಿದ್ದ ದೇಶಗಳು ಸುದ್ದಿಗೆ ಬೇಲಿ ಹಾಕಿದ್ದವು. ಸ್ಪೇನ್ ತಟಸ್ಥವಾಗಿದ್ದ ದೇಶ. ಅಲ್ಲಿಯ ಪತ್ರಿಕೆಗಳು ದೊರೆ ಹದಿಮೂರನೆಯ ಅಲ್ಫೊನ್ಸೊಗೇ ಜ್ವರ ಬಂದದ್ದನ್ನು ಮುಚ್ಚಿಡದೆ ಬರೆದವು. ಇದ್ದದ್ದನ್ನು ಹೇಳಿದ ದೇಶದ ತಲೆಗೇ ರೋಗದ ಹೆಸರು ಕಟ್ಟಿದರು. ಕಾಯಿಲೆ ಇದೆ ಎಂದು ಮೊದಲು ಬಾಯಿ ಬಿಟ್ಟವರಿಗೆ ಏನಾಗುತ್ತದೆ ಎಂಬುದರ ಪಾಠವನ್ನು ದೇಶಗಳು ಬೇಗ ಕಲಿಯುತ್ತವೆ, ಮನೆಗಳೂ ಕಲಿಯುತ್ತವೆ.

1957ರಲ್ಲಿ ಬಂದದ್ದು ಏಷ್ಯನ್ ಫ್ಲೂ. ಫೆಬ್ರುವರಿಯಲ್ಲೇ ಚೀನಾದ ಗ್ವಿಝೌ ಪ್ರಾಂತ್ಯದಲ್ಲಿ ಕಾಣಿಸಿಕೊಂಡಿತ್ತು. ಆಗ ಅದು ವಿಶ್ವ ಆರೋಗ್ಯ ಸಂಸ್ಥೆಯ ವರದಿ ಜಾಲದ ಹೊರಗಿದ್ದ ನಾಡು. ಹೊರಗಿನವರಿಗೆ ತಿಳಿಯುವಾಗ ಏಪ್ರಿಲ್ ಬಂದಿತ್ತು, ಜ್ವರ ಹಾಂಗ್‌ಕಾಂಗ್ ತಲುಪಿತ್ತು. ಅಮೆರಿಕದ ಸೇನಾ ಪ್ರಯೋಗಾಲಯದಲ್ಲಿದ್ದ ಮಾರಿಸ್ ಹಿಲ್ಲೆಮನ್‌ಗೆ ಗೊತ್ತಾದದ್ದು ದಿನಪತ್ರಿಕೆಯಿಂದ. ಹಾಂಗ್‌ಕಾಂಗ್‌ನ ಚಿಕಿತ್ಸಾಲಯಗಳ ಮುಂದೆ ಸಾವಿರಾರು ಜನ ಸಾಲುಗಟ್ಟಿ ನಿಂತ ಸುದ್ದಿ ಓದಿ, ಇದು ಹೊಸ ವೈರಸ್ಸೇ ಇರಬೇಕು ಎಂದು ಅವರು ಅಲ್ಲಿಂದ ಮಾದರಿ ತರಿಸಿಕೊಂಡರು. ಮೇ ತಿಂಗಳಲ್ಲಿ ಸಿಂಗಪುರದಿಂದ ಬಂದ ಹಡಗಿನೊಂದಿಗೆ ಜ್ವರ ಮದ್ರಾಸಿಗೆ ಇಳಿಯಿತು. ಕೂನೂರಿನ ಪಾಶ್ಚರ್ ಸಂಸ್ಥೆಯಲ್ಲಿ ವೈರಸ್ಸನ್ನು ಬೇರ್ಪಡಿಸಿದರು. ಮರುವರ್ಷದ ಫೆಬ್ರುವರಿಯವರೆಗೆ ಭಾರತದಲ್ಲಿ ವರದಿಯಾದವು 44 ಲಕ್ಷಕ್ಕೂ ಹೆಚ್ಚು ಪ್ರಕರಣ, ಸಾವು ಸಾವಿರಕ್ಕೆ ಸ್ವಲ್ಪ ಮೇಲೆ.

ಅದೇ 1957ರ ಬೇಸಿಗೆಗೆ ಮುಂಚೆ ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದವು. ಸುದ್ದಿ ಮುಟ್ಟಿ, ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಮಂಗನ ಕಾಯಿಲೆಯ ವೈರಸ್ಸನ್ನು ಕಂಡುಹಿಡಿದರು. ಮಲೆನಾಡಿನವರಿಗೆ ಸರ್ವೇಕ್ಷಣೆ ಎಂದರೇನು ಎಂದು ಯಾರೂ ವಿವರಿಸಬೇಕಾಗಿಲ್ಲ. ಕಾಡಿನಲ್ಲಿ ಸತ್ತ ಮಂಗ ಕಂಡರೆ ತಿಳಿಸಬೇಕು ಎನ್ನುವುದು ಅಲ್ಲಿ ಮಕ್ಕಳಿಗೂ ಗೊತ್ತು. ಆ ಪುಣೆ ಕೇಂದ್ರವೇ ಮುಂದೆ ರಾಷ್ಟ್ರೀಯ ವೈರಾಣು ಸಂಸ್ಥೆಯಾಯಿತು. 2009ರಲ್ಲಿ ಹಂದಿಜ್ವರ, ಅಂದರೆ ಎಚ್1ಎನ್1 ಫ್ಲೂ ಬಂದಾಗ ದೇಶದ ಗಂಟಲು ದ್ರವದ ಮಾದರಿಗಳು ಹೋದದ್ದೂ ಅಲ್ಲಿಗೇ.

2009ರ ಕಥೆ ಸ್ವಲ್ಪ ನಿಧಾನವಾಗಿ ಹೇಳಬೇಕಾದದ್ದು. ಎಲ್ಲೆಡೆ ಹರಡುವ ಫ್ಲೂ ಒಂದನ್ನು ಜಗತ್ತು ಪ್ರಯೋಗಾಲಯದ ಕಣ್ಣಿನಿಂದ ದಿನದಿನವೂ ಎಣಿಸಲು ಹೊರಟದ್ದು ಅದೇ ಮೊದಲು. ಮಾರ್ಚ್ ಕೊನೆಯಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೊದಲ್ಲಿ ಹತ್ತು ವರ್ಷದ ಹುಡುಗನಿಗೆ ಜ್ವರ ಬಂತು. ಅವನು ಹೋದ ಚಿಕಿತ್ಸಾಲಯದಲ್ಲಿ ಆಗ ಹೊಸ ಪರೀಕ್ಷಾ ಸಾಧನವೊಂದನ್ನು ಪ್ರಯೋಗಿಸಿ ನೋಡುತ್ತಿದ್ದರು. ಫ್ಲೂ ಹೌದು, ಯಾವ ಬಗೆಯದೆಂದು ತಿಳಿಯುತ್ತಿಲ್ಲ ಎಂದಿತು ಆ ಸಾಧನ. ಪಕ್ಕದ ಇಂಪೀರಿಯಲ್ ಕೌಂಟಿಯಲ್ಲಿ ಒಂಬತ್ತು ವರ್ಷದ ಹುಡುಗಿಗೂ ಜ್ವರ. ಅವಳ ಮಾದರಿ ಸಿಕ್ಕಿದ್ದು ಗಡಿಭಾಗದಲ್ಲಿ ನಡೆಯುತ್ತಿದ್ದ ಸರ್ವೇಕ್ಷಣೆಯಿಂದ. ಏಪ್ರಿಲ್ 15 ಮತ್ತು 17ರಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಎರಡರಲ್ಲೂ ಒಂದೇ ಹೊಸ ವೈರಸ್ ಕಂಡಿತು. ಮಕ್ಕಳಿಬ್ಬರೂ ಹಂದಿ ಮುಟ್ಟಿದವರಲ್ಲ, ಒಬ್ಬರನ್ನೊಬ್ಬರು ಕಂಡವರೂ ಅಲ್ಲ. ಇಬ್ಬರೂ ಗುಣವಾದರು. ಯಾರೂ ಕೇಳದೆ ಹೋಗಿದ್ದರೆ ಅವು ಎರಡು ಸಾದಾ ಜ್ವರಗಳು ಅಷ್ಟೆ.

ಅದೇ ಹೊತ್ತಿಗೆ ಮೆಕ್ಸಿಕೊದ ಆಸ್ಪತ್ರೆಗಳಲ್ಲಿ ಗಟ್ಟಿಮುಟ್ಟಾದ ಪ್ರಾಯದವರು ನ್ಯುಮೋನಿಯಾದಿಂದ ಬಂದು ಮಲಗುತ್ತಿದ್ದರು. ಅಲ್ಲಿಯ ಸರ್ಕಾರ ಏಪ್ರಿಲ್ 17ರಂದು ಎಚ್ಚರಿಕೆ ಹೊರಡಿಸಿತು. ಮಾದರಿಗಳು ಕೆನಡಾದ ವಿನ್ನಿಪೆಗ್‌ಗೆ ಹೋಗಿ ಬಂದವು, ಅದೇ ವೈರಸ್. ಮೆಕ್ಸಿಕೊದಲ್ಲಿ ಮೊದಲು ಎಣಿಕೆಗೆ ಬಂದವರು ಆಸ್ಪತ್ರೆ ಸೇರುವಷ್ಟು ಕಾಯಿಲೆಯಾದವರು. ಅವರಲ್ಲಿ ಸತ್ತವರ ಪ್ರಮಾಣ ನೋಡಿ ಜಗತ್ತು ಗಾಬರಿಯಾಯಿತು. ಮನೆಯಲ್ಲೇ ಮಲಗಿ ಎದ್ದ ಸಾವಿರಾರು ಜನ ಆ ಲೆಕ್ಕದಲ್ಲಿ ಇರಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಸಣ್ಣ ಜ್ವರದಂತೆ, ಮೆಕ್ಸಿಕೊದಲ್ಲಿ ಮಾರಿಯಂತೆ ಕಂಡದ್ದು ಒಂದೇ ವೈರಸ್. ಇಲ್ಲಿ ಹಿಡಿದದ್ದು ಸಣ್ಣ ಕಣ್ಣಿನ ಬಲೆ, ಅಲ್ಲಿ ದೊಡ್ಡ ಕಣ್ಣಿನದು.

ಏಪ್ರಿಲ್ 25ರಂದು ವಿಶ್ವ ಆರೋಗ್ಯ ಸಂಸ್ಥೆ ಅಂತರರಾಷ್ಟ್ರೀಯ ತುರ್ತು ಸ್ಥಿತಿ ಘೋಷಿಸಿತು. ಸಾರ್ಸ್ ಬಂದಾಗ ಸುದ್ದಿ ತಡವಾಗಿ ಹೊರಬಿದ್ದು ಜಗತ್ತು ಪಾಠ ಕಲಿತಿತ್ತು. ಆಮೇಲೆ ತಿದ್ದಿ 2007ರಲ್ಲಿ ಜಾರಿಗೆ ತಂದ ಅಂತರರಾಷ್ಟ್ರೀಯ ಆರೋಗ್ಯ ನಿಯಮಗಳ ಅಡಿಯಲ್ಲಿ ಅದೇ ಮೊದಲ ಘೋಷಣೆ. ಆ ನಿಯಮದ ಪ್ರಕಾರ ಇಂಥ ಘಟನೆ ಎಂದು ಮನಗಂಡ 24 ಗಂಟೆಯೊಳಗೆ ದೇಶ ತಿಳಿಸಬೇಕು. ಜೂನ್ 11ರಂದು ಮಹಾನಿರ್ದೇಶಕಿ ಮಾರ್ಗರೆಟ್ ಚಾನ್ ಮಹಾಸಾಂಕ್ರಾಮಿಕ ಎಂದು ಸಾರಿದಾಗ 74 ದೇಶಗಳಿಂದ ಸುಮಾರು 30,000 ಪ್ರಕರಣಗಳು ಬಂದಿದ್ದವು. ಜುಲೈ 6ರ ಪಟ್ಟಿಯಲ್ಲಿ 94,512 ಪ್ರಕರಣ, 429 ಸಾವು. ಹತ್ತು ದಿನಗಳ ನಂತರ ಸಂಸ್ಥೆ, ಇನ್ನು ಮುಂದೆ ವೈರಸ್ ಬೇರುಬಿಟ್ಟ ದೇಶಗಳು ಒಂದೊಂದು ಪ್ರಕರಣವನ್ನೂ ಪರೀಕ್ಷಿಸಿ ಎಣಿಸಿ ಕಳಿಸಬೇಕಾಗಿಲ್ಲ ಎಂದಿತು.

ಈ ತೀರ್ಮಾನವನ್ನು ಆಗ ಹಲವರು ಕೈಚೆಲ್ಲಿದಂತೆ ಎಂದು ಓದಿದರು. ನನ್ನ ಮಟ್ಟಿಗೆ ಅದು ಸರಿಯಾದ ತೀರ್ಮಾನ. ಪ್ರಯೋಗಾಲಯಗಳಲ್ಲಿ ಮಾದರಿಗಳು ರಾಶಿ ಬಿದ್ದಿದ್ದವು. ನೂರು ಮಂದಿಯ ಸಾದಾ ಜ್ವರವನ್ನು ಖಚಿತಪಡಿಸುವ ಹೊತ್ತಿನಲ್ಲಿ ಐಸಿಯುನಲ್ಲಿರುವ ಬಸುರಿಯ ಫಲಿತಾಂಶ ಕಾಯಬೇಕಾಗುತ್ತಿತ್ತು. ಅನ್ನ ಬೆಂದಿದೆಯೇ ಎಂದು ನೋಡಲು ನಾವು ಇಡೀ ಪಾತ್ರೆ ಹಿಚುಕುವುದಿಲ್ಲ, ಒಂದಗುಳು ಸಾಕು. ಆಯ್ದ ಆಸ್ಪತ್ರೆಗಳಲ್ಲಿ ಜ್ವರ, ಕೆಮ್ಮು ಎಂದು ಬಂದವರಲ್ಲಿ ಕೆಲವರ ಮಾದರಿ ತೆಗೆದು ನೂರಕ್ಕೆ ಎಷ್ಟರಲ್ಲಿ ಫ್ಲೂ ಇದೆ ಎಂದು ವಾರವಾರ ನೋಡುವುದು ಈ ಅಗುಳಿನ ಕ್ರಮವೇ. ಕೋವಿಡ್ ಕಾಲದಲ್ಲಿ ನಮ್ಮ ಕಿವಿಗೆ ಬಿದ್ದ ‘ಐಎಲ್‌ಐ’ ಮತ್ತು ‘ಸಾರಿ’ ಇಲ್ಲಿಯ ಮಾತುಗಳು. 38 ಡಿಗ್ರಿಗೆ ಕಡಿಮೆಯಿಲ್ಲದ ಜ್ವರ, ಜೊತೆಗೆ ಕೆಮ್ಮು, ಶುರುವಾಗಿ ಹತ್ತು ದಿನದೊಳಗೆ ಇದ್ದರೆ ಐಎಲ್‌ಐ. ಅಷ್ಟೂ ಇದ್ದು ಆಸ್ಪತ್ರೆಗೆ ಸೇರಿಸಬೇಕಾದರೆ ಸಾರಿ. ಆದರೆ ಅಗುಳನ್ನು ತೆಗೆಯುವ ಮುನ್ನ ಪಾತ್ರೆಯ ತಳದವರೆಗೂ ಸೌಟು ಹೋಗಿರಬೇಕು. ನಗರದ ದೊಡ್ಡಾಸ್ಪತ್ರೆಗಳ ಮೇಲುಗಡೆಯ ಅಗುಳನ್ನಷ್ಟೇ ನೋಡಿ ಹಳ್ಳಿ ಬೆಂದಿದೆ ಎನ್ನಲಾಗದು.

ಭಾರತದ ಮೊದಲ ಪ್ರಕರಣ ಖಚಿತವಾದದ್ದು ಹೈದರಾಬಾದ್‌ನಲ್ಲಿ, 2009ರ ಮೇ 16ರಂದು. ಅಮೆರಿಕದಿಂದ ಬಂದ ಯುವಕ. ಆಗ ನಮ್ಮ ಕಣ್ಣೆಲ್ಲ ವಿಮಾನ ನಿಲ್ದಾಣಗಳ ಮೇಲೆ. ಪರದೇಶಕ್ಕೆ ಹೋಗಿಬಂದವರಿಗೆ ಮಾತ್ರ ಪರೀಕ್ಷೆ ಮಾಡಿದರೆ ಪರದೇಶಕ್ಕೆ ಹೋಗಿಬಂದವರಲ್ಲಿ ಮಾತ್ರ ರೋಗ ಸಿಗುತ್ತದೆ. ಆಗಸ್ಟ್ 3ರಂದು ಪುಣೆಯಲ್ಲಿ ಶಾಲೆಗೆ ಹೋಗುವ ಹದಿನಾಲ್ಕು ವರ್ಷದ ಹುಡುಗಿ ತೀರಿಕೊಂಡಳು. ದೇಶದ ಮೊದಲ ಸಾವು ಅದು. ಆ ವಾರ ಮಾಸ್ಕ್‌ಗಾಗಿ ಮೆಡಿಕಲ್ ಶಾಪುಗಳ ಮುಂದೆ ಸಾಲು, ಪರೀಕ್ಷೆಗಾಗಿ ಆಸ್ಪತ್ರೆಗಳ ಮುಂದೆ ಸಾಲು. ಅದೇ ಆಗಸ್ಟ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ರೋಗಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿತು. ಜ್ವರ, ಗಂಟಲುನೋವಿನ ಎ ಮತ್ತು ಬಿ ಗುಂಪಿನವರಿಗೆ ಪರೀಕ್ಷೆ ಬೇಡ, ಮನೆಯಲ್ಲಿರಲಿ. ಉಸಿರಾಟದ ತೊಂದರೆಯಿರುವ ಸಿ ಗುಂಪಿನವರಿಗೆ ಮಾತ್ರ ಪರೀಕ್ಷೆ ಮತ್ತು ಆಸ್ಪತ್ರೆ.

ಬೆಂಗಳೂರಿನಲ್ಲಿದ್ದ ನನಗೂ ಆ ಆಗಸ್ಟ್‌ನಲ್ಲಿ ಜ್ವರ ಬಂತು. ಮೈಕೈಯೆಲ್ಲ ಬಡಿದು ಹಾಕಿದಂತೆ ನೋವು, ಮೂರು ರಾತ್ರಿ ಕೆಮ್ಮು. ಬೀದಿಯ ಕೊನೆಯ ಕ್ಲಿನಿಕ್ಕಿನ ಡಾಕ್ಟರು ಎದೆಗೆ ಸ್ಟೆತಸ್ಕೋಪ್ ಇಟ್ಟು ನೋಡಿ, ಬಿ ಗುಂಪು ಎಂದು ಹೇಳಿ, ಜ್ವರದ ಮಾತ್ರೆ ಬರೆದುಕೊಟ್ಟು ಮನೆಯಿಂದ ಆಚೆ ಬರಬೇಡಿ ಎಂದರು. ಒಂದು ವಾರಕ್ಕೆ ಎದ್ದು ಓಡಾಡಿದೆ. ಅದು ಆ ವೈರಸ್ಸೇ ಆಗಿದ್ದಿರಬಹುದು. ಯಾವ ನಮೂನೆಯಲ್ಲೂ ನಾನಿಲ್ಲ. ಇದು ದೂರಲ್ಲ. ಆ ಹೊತ್ತಿಗೆ ನನ್ನ ಗಂಟಲು ದ್ರವಕ್ಕಿಂತ ಇನ್ನೊಬ್ಬರದು ಮುಖ್ಯವಾಗಿತ್ತು. ಆದರೆ ಅಂದಿನ ಅಂಕಿ ಓದುವಾಗಲೆಲ್ಲ ನನ್ನಂಥ ಎಷ್ಟು ಜನ ಅದರ ಹೊರಗಿದ್ದಾರೆ ಎಂಬುದು ನನಗೆ ನೆನಪಾಗುತ್ತದೆ.

ಆ ಅಂಕಿಗಳನ್ನೇ ನೋಡಿ. ಸರ್ಕಾರದ ಪಟ್ಟಿಯ ಪ್ರಕಾರ ದೇಶದಲ್ಲಿ 2009ರಲ್ಲಿ 27,236 ಪ್ರಕರಣ, 981 ಸಾವು. 2010ರಲ್ಲಿ 20,604 ಪ್ರಕರಣ, 1,763 ಸಾವು. ನೂರಕ್ಕೆ ಮೂರೂವರೆ ಇದ್ದ ಸಾವು ಒಂದೇ ವರ್ಷಕ್ಕೆ ಎಂಟೂವರೆ ದಾಟಿತು. 2014ಕ್ಕೆ ಬನ್ನಿ, 937 ಪ್ರಕರಣಕ್ಕೆ 218 ಸಾವು, ಅಂದರೆ ನಾಲ್ವರಲ್ಲಿ ಒಬ್ಬರ ಹತ್ತಿರ ಹತ್ತಿರ! ಈ ಸಾಲನ್ನು ಹಾಗೇ ಓದಿದವರಿಗೆ ವೈರಸ್ ವರ್ಷವರ್ಷಕ್ಕೂ ಕ್ರೂರವಾಗುತ್ತಿದೆ ಎನ್ನಿಸಬೇಕು. ಬದಲಾಗಿದ್ದು ಬಹುಮಟ್ಟಿಗೆ ಜರಡಿ. 2009ರಲ್ಲಿ ವಿಮಾನ ಇಳಿದವರ ಸಣ್ಣ ಜ್ವರವೂ ಜರಡಿಗೆ ಬೀಳುತ್ತಿತ್ತು. ಆಮೇಲೆ ಐಸಿಯು ಬಾಗಿಲಿಗೆ ಬಂದವರಷ್ಟೇ. 1957ರಲ್ಲಿ ಎಣಿಸಿದ್ದು ಜ್ವರವನ್ನು, 2009ರಲ್ಲಿ ಎಣಿಸಿದ್ದು ಪ್ರಯೋಗಾಲಯದ ಫಲಿತಾಂಶವನ್ನು. ಹಾಗಾಗಿ ಆ 44 ಲಕ್ಷವನ್ನೂ ಈ 27 ಸಾವಿರವನ್ನೂ ಪಕ್ಕಪಕ್ಕ ಇಟ್ಟು ತೂಗಲು ಬರುವುದಿಲ್ಲ. ಪತ್ರಿಕೆಯವರಾದ ನಾವು ಸಂಖ್ಯೆ ಅಚ್ಚು ಮಾಡುವಾಗ, ಯಾರನ್ನು ಪರೀಕ್ಷಿಸಿದರು ಎಂಬ ಒಂದು ಸಾಲನ್ನೂ ಅದರ ಪಕ್ಕದಲ್ಲಿ ಹಾಕಬೇಕು. ನಾವು ಬಹಳ ಸಲ ಹಾಕಲಿಲ್ಲ.

ಜಗತ್ತಿನ ಮಟ್ಟದಲ್ಲಿ ಖಚಿತವಾದ ಸಾವುಗಳು ಸುಮಾರು 18,500. 2012ರಲ್ಲಿ ಸಂಶೋಧಕರು ಹಲವು ದೇಶಗಳ ವಿವರ ಹಿಡಿದು ಮಾಡಿದ ಅಂದಾಜು 2,84,500. ಹದಿನೈದು ಪಟ್ಟು. ಆ ಅಂದಾಜಿನ ಅರ್ಧಕ್ಕೂ ಹೆಚ್ಚು ಸಾವು ಆಗ್ನೇಯ ಏಷ್ಯಾ ಮತ್ತು ಆಫ್ರಿಕಾದಲ್ಲಿ. 2009ರ ನಕ್ಷೆಗಳಲ್ಲಿ ಆಫ್ರಿಕಾದ ಬಹುಭಾಗ ಬೆಳ್ಳಗೆ, ನಿಶ್ಚಿಂತೆಯಾಗಿ ಕಾಣುತ್ತಿತ್ತು. ಅಲ್ಲಿ ಸೊನ್ನೆ ಇರಲಿಲ್ಲ, ಖಾಲಿ ಇತ್ತು.

ಎಣಿಸಿದ್ದರಿಂದ ಏನು ಸಿಕ್ಕಿತು ಎಂಬುದನ್ನೂ ಹೇಳಬೇಕು. ಪ್ರಕರಣದ ಹಾಳೆಯಲ್ಲಿ ವಯಸ್ಸು, ಬಸುರಿಯೇ, ಬೇರೆ ಕಾಯಿಲೆ ಇದೆಯೇ ಎಂಬ ಖಾನೆಗಳಿದ್ದುದರಿಂದಲೇ ಕೆಲವು ವಾರಗಳಲ್ಲಿ ಒಂದು ಚಿತ್ರ ಮೂಡಿತು. ಪ್ರತಿವರ್ಷದ ಫ್ಲೂ ಮುದುಕರನ್ನು ಹಿಡಿಯುತ್ತದೆ, ಇದು ಹರೆಯದವರನ್ನು ಹಿಡಿಯುತ್ತಿದೆ. 1957ಕ್ಕೂ ಮೊದಲು ಹುಟ್ಟಿದ ಹಲವರಿಗೆ ಹಳೆಯ ಸೋಂಕಿನ ರಕ್ಷೆ ಇದೆ. ಬಸುರಿಯರಿಗೆ ಅಪಾಯ ಹೆಚ್ಚು. ಮಾತ್ರೆಯೂ ಲಸಿಕೆಯೂ ಮೊದಲು ಯಾರಿಗೆ ಎಂಬ ತೀರ್ಮಾನ ನಿಂತದ್ದು ಆ ಖಾನೆಗಳ ಮೇಲೆ. ಜ್ವರ ಶುರುವಾದ ದಿನ ಎಂಬ ಖಾನೆಯೂ ಹಾಗೆಯೇ. ವರದಿ ಬಂದ ತಾರೀಖು ಹಿಡಿದು ಗೀಟು ಎಳೆದರೆ ಭಾನುವಾರ ತಗ್ಗು, ಸೋಮವಾರ ಉಬ್ಬು. ಅದು ಕಚೇರಿಯ ನಾಡಿಬಡಿತ. ಅಜ್ಜಿ ಹೇಳಿದ ಸಂತೆ ದಿನವನ್ನು ಹಿಡಿದು ಎಳೆದರೆ ರೋಗದ ಗೀಟು ಸಿಗುತ್ತದೆ, ಸಂತೆಯಲ್ಲೇ ಅಂಟಿತೋ ಎಂಬ ಅನುಮಾನವೂ ಹುಟ್ಟುತ್ತದೆ.

ಕಾಯಿಲೆ ಇದೆ ಎಂದು ಮೊದಲು ಹೇಳಿದವರಿಗೆ ಈ ಸಲ ಏನಾಯಿತು? ಮೆಕ್ಸಿಕೊ ಬೇಗ ಬಾಯಿ ಬಿಟ್ಟಿತು. ಹಲವು ದೇಶಗಳು ಅಲ್ಲಿಗೆ ವಿಮಾನ ನಿಲ್ಲಿಸಿದವು, ತಿಂದರೆ ಫ್ಲೂ ಬರುವುದೇ ಇಲ್ಲದ ಹಂದಿಮಾಂಸವನ್ನು ನಿಷೇಧಿಸಿದವು. ಈಜಿಪ್ಟ್ ತನ್ನಲ್ಲಿ ಒಂದೂ ಪ್ರಕರಣ ಕಾಣುವ ಮೊದಲೇ ಹಂದಿಗಳನ್ನೆಲ್ಲ ಕೊಲ್ಲಲು ಆಜ್ಞೆ ಮಾಡಿತು. ಅದಕ್ಕೂ ಮುಂಚೆ 2007ರ ಹೊತ್ತಿಗೆ ಇಂಡೊನೇಷ್ಯಾ ಹಕ್ಕಿಜ್ವರದ ಮಾದರಿ ಹಂಚುವುದನ್ನೇ ನಿಲ್ಲಿಸಿತ್ತು. ನಮ್ಮ ಮಾದರಿಯಿಂದ ತಯಾರಾಗುವ ಲಸಿಕೆ ನಮ್ಮವರ ಕೈಗೆ ಎಟುಕುವುದಿಲ್ಲ ಎಂಬುದು ಅದರ ದೂರು. ಆ ದೂರಿನಲ್ಲಿ ನ್ಯಾಯವಿತ್ತು. ಮಾದರಿ ಕೊಟ್ಟ ದೇಶಗಳಿಗೂ ಲಸಿಕೆಯಲ್ಲಿ ಪಾಲು ಸಿಗಬೇಕು ಎಂಬ ಒಪ್ಪಂದದ ಚೌಕಟ್ಟು ಬಂದದ್ದು 2011ರಲ್ಲಿ. ಹಳ್ಳಿಯ ಮನೆಗೂ ಇದೇ ಲೆಕ್ಕ. ಜ್ವರ ಇದೆ ಎಂದರೆ ಕೂಲಿಗೆ ಕರೆಯುವುದಿಲ್ಲ, ಮದುವೆಮನೆಗೆ ಬರಬೇಡಿ ಎನ್ನುತ್ತಾರೆ ಎಂಬ ಹೆದರಿಕೆ ಇರುವಲ್ಲಿ ಸಿಸ್ಟರ್ ಕೇಳಿದ್ದಕ್ಕೆ “ಯಾರಿಗೂ ಏನಿಲ್ಲ” ಎಂಬ ಉತ್ತರವೇ ಬರುತ್ತದೆ. ಪ್ಲೇಗಿನ ಕಾಲದಲ್ಲಿ ಕ್ಯಾಂಪಿಗೆ ಎಳೆದೊಯ್ಯುತ್ತಾರೆಂದು ಜನ ರೋಗಿಗಳನ್ನು ಬಚ್ಚಿಟ್ಟರು.

ಇವತ್ತಿಗೂ ದೊಡ್ಡ ಖಾಲಿ ಇರುವುದು ಖಾಸಗಿ ಕ್ಲಿನಿಕ್ಕುಗಳಲ್ಲಿ, ಮೆಡಿಕಲ್ ಶಾಪಿನ ಕಟ್ಟೆಯಲ್ಲಿ. ಜ್ವರ ಬಂದವರು ಮೊದಲು ಹೋಗುವುದು ಅಲ್ಲಿಗೆ. ಅಲ್ಲಿಂದ ಹಾಳೆ ಹೊರಡುವುದು ಅಪರೂಪ. ದಿಲ್ಲಿಯಲ್ಲಿ 2008ರಿಂದ ಒಂದು ಸಣ್ಣ ತಂಡ ದೇಶದ ಪತ್ರಿಕೆಗಳನ್ನು ಓದಿ, ಇಂಥ ಊರಲ್ಲಿ ಜ್ವರವಂತೆ ಎಂಬ ಸುದ್ದಿಯನ್ನು ಹೆಕ್ಕಿ, ನಿಜವೇ ನೋಡಿ ಎಂದು ಆಯಾ ಜಿಲ್ಲೆಗೆ ಕಳಿಸುವ ಕೆಲಸ ಮಾಡುತ್ತಿದೆ. ಒಳಪುಟದ ಮೂಲೆಯಲ್ಲಿ ನಮ್ಮ ತಾಲ್ಲೂಕು ವರದಿಗಾರರು ಬರೆಯುವ ನಾಲ್ಕು ಸಾಲು ಹೀಗೆ ಒಂದು ತಂಡವನ್ನು ಆ ಊರಿಗೆ ಕರೆತರಬಲ್ಲದು. ಹಿಲ್ಲೆಮನ್ ಓದಿದ್ದೂ ಅಂಥದ್ದೇ ಒಂದು ಸುದ್ದಿ.

ಉಪಕೇಂದ್ರಕ್ಕೆ ಮರಳಿದ ಮೇಲೆ ಸಿಸ್ಟರ್ ಮೊಬೈಲಿಗೆ ವಿವರ ತುಂಬುತ್ತ ಕುಳಿತರು. ನಾನು ಕಬ್ಬಿಣದ ಬೀರುವಿನಲ್ಲಿದ್ದ ಹಳೆಯ ಹಾಳೆಗಳನ್ನು ತಿರುವಿದೆ. ಗೆದ್ದಲು ಮುಟ್ಟದಂತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟಿದ್ದರು. ವಾರದ ಮೇಲೆ ವಾರ, ದುಂಡನೆಯ ಸೊನ್ನೆಗಳು, ನಡುನಡುವೆ ಒಂದು, ಎರಡು, ಏಳು. ದೇಶದಲ್ಲಿ 42,000ಕ್ಕೂ ಹೆಚ್ಚು ಜನರಿಗೆ ಎಚ್1ಎನ್1 ಖಚಿತವಾದ 2015ರ ಕಟ್ಟಿನಲ್ಲಿ, ಫೆಬ್ರುವರಿಯ ಒಂದು ಹಾಳೆಯಲ್ಲಿ ಏನೂ ಇಲ್ಲ. ಸೊನ್ನೆಯೂ ಇಲ್ಲ. ಬೆಳಕಿಗೆ ಹಿಡಿದು ನೋಡಿದಾಗ ಕೆಳಗಿನ ಅಂಚಿನಲ್ಲಿ ಪೆನ್ಸಿಲ್ಲಿನ ಒಂದು ಸಾಲು, ಪಕ್ಕದಲ್ಲಿ ಸಹಿ: “ಈ ವಾರ ನನಗೇ ಜ್ವರ. ಮನೆಗಳಿಗೆ ಹೋಗಲು ಆಗಿಲ್ಲ.”